ಐಟಿಐ ಎಲೆಕ್ಟ್ರಿಷಿಯನ್: ಸೇರುವ ಮೊದಲು ಹಾಕಬೇಕಾದ ಲೆಕ್ಕ

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿಸುವ ಮನೆಯವರು ಮೊದಲು ವಿಚಾರಿಸುವುದು ಫೀಸು. ಸರ್ಕಾರಿ ಐಟಿಐಯಲ್ಲಿ ಅದು ದೊಡ್ಡ ಮಾತೇ ಅಲ್ಲ. ದೊಡ್ಡ ಖರ್ಚು ಯಾವ ರಸೀದಿಯಲ್ಲೂ ಕಾಣುವುದಿಲ್ಲ: ಕೈಬಿಟ್ಟುಹೋಗುವ ಎರಡು ವರ್ಷದ ಕೂಲಿ.

ಒಂದು ಹಾಳೆ ತೆಗೆದುಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು ಅಷ್ಟೇ, ನಿಮ್ಮ ಊರಿನ ದರ ಹಾಕಿಕೊಳ್ಳಿ. ವೈರಿಂಗ್ ಹೆಲ್ಪರ್‌ಗೆ ದಿನಕ್ಕೆ 500 ರೂಪಾಯಿ, ತಿಂಗಳಿಗೆ 22 ದಿನ ಕೆಲಸ ಅಂದರೆ 11,000. ಎರಡು ವರ್ಷಕ್ಕೆ 2,64,000. ಫೀಸು, ಬಸ್ ಪಾಸ್, ಯೂನಿಫಾರ್ಮ್, ಕಟಿಂಗ್ ಪ್ಲೈಯರ್, ಮಲ್ಟಿಮೀಟರ್ ಎಲ್ಲ ಸೇರಿ 40,000 ಇಟ್ಟುಕೊಳ್ಳಿ. ಅದಾದ ಮೇಲೆ ಒಂದು ವರ್ಷ ಅಪ್ರೆಂಟಿಸ್‌ಷಿಪ್, ಅಂದರೆ ಕಂಪನಿಯಲ್ಲಿ ಕೆಲಸ ಮಾಡುತ್ತ ಕಲಿಯುವುದು. ಅಲ್ಲಿ ಸ್ಟೈಪೆಂಡ್ 7,000 ಸಿಕ್ಕರೆ, ಅಷ್ಟರಲ್ಲಿ ಕೈ ಪಳಗಿಸಿಕೊಂಡ ಹೆಲ್ಪರ್ 15,000 ದುಡಿಯುತ್ತಿರುತ್ತಾನೆ. ತಿಂಗಳಿಗೆ 8,000 ವ್ಯತ್ಯಾಸ, ವರ್ಷಕ್ಕೆ 96,000. ಒಟ್ಟು ನಾಲ್ಕು ಲಕ್ಷ. ಹುಡುಗ ಹೇಗೂ ಎರಡು ವರ್ಷ ಮನೆಯಲ್ಲೇ ಇರುತ್ತಿದ್ದ ಅನ್ನುವುದಾದರೆ ಕೂಲಿಯ ಜಾಗದಲ್ಲಿ ಸೊನ್ನೆ ಬರೆಯಿರಿ. ಆದರೆ ಅದು ನಿಜವಾದ ಸೊನ್ನೆಯೇ ಆಗಿರಬೇಕು.

ಈಗ ಆದಾಯದ ಕಡೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಐಟಿಐ ಆದವನ ಸಂಬಳವನ್ನು ಇವತ್ತಿನ ಹೆಲ್ಪರ್ ಕೂಲಿಗೆ ಹೋಲಿಸುತ್ತಾರೆ. ಹೋಲಿಸಬೇಕಾದ್ದು ಮೂರು ವರ್ಷ ಅನುಭವವಾದ ಹೆಲ್ಪರ್‌ಗೆ. ಅವನಿಗಿಂತ ತಿಂಗಳಿಗೆ 8,000 ಹೆಚ್ಚು ಬಂದರೆ ನಾಲ್ಕು ಲಕ್ಷ ವಾಪಸಾಗಲು 50 ತಿಂಗಳು. 4,000 ಹೆಚ್ಚು ಬಂದರೆ 100 ತಿಂಗಳು, ಅಂದರೆ ಎಂಟು ವರ್ಷ ದಾಟುತ್ತದೆ. ಬರೀ ಮನೆ ವೈರಿಂಗ್ ಮಾಡಿಕೊಂಡಿರುವುದಾದರೆ ಈ ವ್ಯತ್ಯಾಸ ಸೊನ್ನೆಯೂ ಆಗಬಹುದು: ಗೋಡೆ ಕೊರೆದು ಪೈಪ್ ಹಾಕುವವನ ಸರ್ಟಿಫಿಕೇಟನ್ನು ಮನೆ ಯಜಮಾನರು ಕೇಳುವುದಿಲ್ಲ.

ಹಾಗಾಗಿ ಕಾಗದ ಕೇಳುವ ಜಾಗ ಯಾವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ (ರೈಲು ಚಾಲಕರ ಸಹಾಯಕ) ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಅಥವಾ ಡಿಪ್ಲೊಮಾ ಬೇಕು; ಏಳನೇ ವೇತನ ಆಯೋಗದಲ್ಲಿ ಮೂಲ ವೇತನ 19,900. ಆದರೆ ಕನ್ನಡಕವಿಲ್ಲದೆ ದೃಷ್ಟಿ ಸರಿಯಿರಬೇಕು, ಬಣ್ಣಗುರುಡು ಇರಬಾರದು. ಆ ಗುರಿ ಇದ್ದರೆ ಅರ್ಜಿಗೆ ಮುಂಚೆ ಕಣ್ಣು ತೋರಿಸಿ, ಖರ್ಚು ಆಮೇಲೆ. ಲೈನ್‌ಮನ್ ಆಗಬೇಕು ಅನ್ನುವವರ ಲೆಕ್ಕವೇ ಬೇರೆ. ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ 2024ರಲ್ಲಿ ಕರೆದ ಕಿರಿಯ ಪವರ್‌ಮ್ಯಾನ್ (ಲೈನ್‌ಮನ್ ಕೆಲಸದ) ಹುದ್ದೆಗೆ ಕೇಳಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಕಂಬ ಹತ್ತುವುದೂ ಸೇರಿದ ದೈಹಿಕ ಪರೀಕ್ಷೆ. ಅದಕ್ಕೆಂದೇ ಐಟಿಐ ಮಾಡಬೇಕಿಲ್ಲ. ಹತ್ತನೇ ತರಗತಿಯ ಅಂಕ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಜೂನಿಯರ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾವೇ ಬೇಕು. ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಆ ದಾರಿ ನಾಲ್ಕು ವರ್ಷದ್ದು. ಎಸ್ಸೆಸ್ಸೆಲ್ಸಿಯಿಂದಲೇ ಪಾಲಿಟೆಕ್ನಿಕ್‌ಗೆ ಹೋದರೆ ಮೂರು. ಡಿಪ್ಲೊಮಾವೇ ಗುರಿ ಅನ್ನುವವರಿಗೆ ಐಟಿಐ ಒಂದು ವರ್ಷದ ಸುತ್ತುಬಳಸು.

ಸ್ವಂತ ಕೆಲಸ ಮಾಡುವವರಿಗೆ ಐಟಿಐಯ ದೊಡ್ಡ ಲಾಭ ಪರ್ಮಿಟ್‌ನಲ್ಲಿದೆ. ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರ್ಮಿಟ್, ಮುಂದೆ ಸೂಪರ್‌ವೈಸರ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ಇವು ಮೆಟ್ಟಿಲುಗಳು. ಹೊಸ ಕನೆಕ್ಷನ್ನಿಗೆ ವೈರಿಂಗ್ ಮುಗಿದಿದೆ ಎಂಬ ವರದಿಗೆ ಲೈಸೆನ್ಸ್ ಇದ್ದವರ ಸಹಿ ಬೇಕು. ಇಲ್ಲದವನು ಕೆಲಸ ತಾನು ಮಾಡಿ, ಸಹಿಗೆ ಇನ್ನೊಬ್ಬರಿಗೆ ದುಡ್ಡು ಕೊಡುತ್ತಾನೆ. ಆ ದುಡ್ಡು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಊರಿನ ವೈರಿಂಗ್‌ನವರನ್ನೇ ಕೇಳಿ, ಹಾಳೆಯಲ್ಲಿ ಸೇರಿಸಿ. ಬೋರ್‌ವೆಲ್ ಮೋಟಾರು, ಪ್ಯಾನೆಲ್ ಬೋರ್ಡ್ ರಿಪೇರಿ ಜಾಸ್ತಿ ಇರುವ ಕಡೆ ಮೋಟಾರ್ ವೈಂಡಿಂಗ್ ಕಲಿತ ಕೈಗೆ ಬೇಸಿಗೆಯಲ್ಲಿ ಬಿಡುವಿರುವುದಿಲ್ಲ.

ಇನ್ನು ಸಂಸ್ಥೆಯ ಆಯ್ಕೆ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ, ಅಂದರೆ ಜನ ಇನ್ನೂ ಎನ್‌ಸಿವಿಟಿ ಅನ್ನುವುದು, ಎಲೆಕ್ಟ್ರಿಷಿಯನ್ ಟ್ರೇಡಿಗೆ, ಈ ವರ್ಷದ ಬ್ಯಾಚಿಗೆ ಇದೆಯೇ ನೋಡಿ. ಬೋರ್ಡಿನ ಮೇಲೆ ಬರೆದಿದ್ದು ಸಾಲದು. ಒಂದು ಯೂನಿಟ್ ಅಂದರೆ 20 ಮಂದಿ. ಅವರಿಗೆ ತಕ್ಕಷ್ಟು ಮೋಟಾರು, ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್), ಸ್ಟಾರ್ಟರ್ ಲ್ಯಾಬಿನಲ್ಲಿವೆಯೇ ಎಣಿಸಿ. ಆಮೇಲೆ ಎರಡನೇ ವರ್ಷದ ಹುಡುಗನೊಬ್ಬನನ್ನು ಸ್ಟಾರ್-ಡೆಲ್ಟಾ ಸ್ಟಾರ್ಟರ್ ಮುಂದೆ ನಿಲ್ಲಿಸಿ. ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಮೆಲ್ಲಗೆ ಎಬ್ಬಿಸಿ, ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಪೆಟ್ಟಿಗೆ ಅದು. ಮೂರು ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟ್ ಕೊಟ್ಟರೆ ಹಿಡಿಯುವ ಸ್ವಿಚ್), ಒಂದು ಟೈಮರ್, ಒಂದು ಓವರ್‌ಲೋಡ್ ರಿಲೇ, ಮೋಟಾರಿನಿಂದ ಬರುವ ಆರು ವೈರು. ಕೇಳಬೇಕಾದ ಪ್ರಶ್ನೆ ಒಂದೇ: ಸ್ಟಾರ್ ಬಿಡುವ ಮೊದಲೇ ಡೆಲ್ಟಾ ಹಿಡಿದರೆ ಏನಾಗುತ್ತದೆ? ಮೂರೂ ಫೇಸು ನೇರ ಶಾರ್ಟ್ ಆಗುತ್ತವೆ. ಅದಕ್ಕೇ ಒಂದು ಕಾಂಟ್ಯಾಕ್ಟರಿನ ಎನ್‌ಸಿ ಪಾಯಿಂಟನ್ನು (ಅದು ಹಿಡಿದಾಗ ಬಿಟ್ಟುಕೊಳ್ಳುವ ಸಂಪರ್ಕ) ಇನ್ನೊಂದರ ಕಾಯಿಲಿಗೆ ಸೀರೀಸ್‌ನಲ್ಲಿ ಕೊಟ್ಟಿರುತ್ತಾರೆ. ಹುಡುಗ ಆ ವೈರನ್ನು ಬೆರಳಿಟ್ಟು ತೋರಿಸಿದರೆ ಅಲ್ಲಿ ಪಾಠ ನಡೆಯುತ್ತಿದೆ. ಮೇಷ್ಟ್ರ ಮುಖ ನೋಡಿದರೆ ಇನ್ನೊಂದು ಐಟಿಐ ಹುಡುಕಿ. ಸ್ಟಾರ್ಟರಿನ ಮುಚ್ಚಳದ ಸ್ಕ್ರೂ ತುಕ್ಕು ಹಿಡಿದಿದ್ದರೆ ಪ್ರಶ್ನೆ ಕೇಳುವ ಅಗತ್ಯವೂ ಇಲ್ಲ.

ಹಾಜರಿ ಹಾಕಿಕೊಡುತ್ತೇವೆ, ಪರೀಕ್ಷೆಗೆ ಬಂದರೆ ಸಾಕು ಅನ್ನುವ ಕಡೆ ಹಣ ಕಟ್ಟಬೇಡಿ. ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು ಶೇ 80 ಹಾಜರಿ ಬೇಕು. ಅಷ್ಟೂ ದಿನ ಲ್ಯಾಬಿಗೆ ಹೋಗದೆ ಕಾಗದ ಹಿಡಿದುಕೊಂಡವನು ಕಾರ್ಖಾನೆಯ ಟ್ರೇಡ್ ಟೆಸ್ಟಿನಲ್ಲಿ ಹತ್ತು ನಿಮಿಷ ನಿಲ್ಲಲಾರ. ಅಪ್ರೆಂಟಿಸ್‌ಷಿಪ್ಪಿಗೂ ಲಿಖಿತ ಕರಾರು, ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಂದಣಿ ಇರಲಿ. ಇಲ್ಲದಿದ್ದರೆ ವರ್ಷವಿಡೀ ದುಡಿದರೂ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಸರ್ಟಿಫಿಕೇಟ್) ಬರುವುದಿಲ್ಲ, ಮೇಲಿನ 96,000 ನೀರಿಗೆ ಹೋದಂತೆ.

ಸೇರುವ ದಿನವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಐಟಿಐ ದಾಖಲಾತಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ತಾಳೆ ನೋಡಿ. ಸರ್ಟಿಫಿಕೇಟ್ ಬಂದ ಮೇಲೆ ತಿದ್ದಿಸಲು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ, ಅಷ್ಟರಲ್ಲಿ ಅರ್ಜಿಯ ಕೊನೆ ದಿನ ಕಳೆದಿರುತ್ತದೆ.