ಗಾಳಿ ದಡಕ್ಕೆ ಒತ್ತುತ್ತಿದ್ದರೆ ಜೆಟ್ಟಿಯಲ್ಲೇ ಹಾಯಿ ಏರಿಸಬೇಡಿ

ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿ ದೋಣಿ ಬಿಡುವವರಿಗೆ ಒಂದು ಸಲಹೆ. ಗಾಳಿ ನೀರಿನ ಕಡೆಯಿಂದ ಜೆಟ್ಟಿಗೆ ಬೀಸುತ್ತಿದ್ದರೆ, ಮೊದಲು ಹುಟ್ಟು ಹಾಕುತ್ತಾ ಗಾಳಿಗೆ ಎದುರಾಗಿ 30-40 ಮೀಟರ್ ಹೋಗಿ ಲಂಗರು ಬಿಡಿ. ಹಾಯಿ ಏರಿಸುವುದು ಆಮೇಲೆ. ಜೆಟ್ಟಿಗೆ ಪಕ್ಕ ಒತ್ತಿ ನಿಂತ ದೋಣಿಯಲ್ಲಿ ಹಾಯಿಯನ್ನು ಸಡಿಲ ಬಿಡಲು ಜಾಗವೇ ಇರುವುದಿಲ್ಲ ಅಲ್ವಾ, ಗಾಳಿ ತುಂಬಿ ಅದು ದೋಣಿಯನ್ನು ಕಟ್ಟೆಗೇ ಉಜ್ಜುತ್ತದೆ. ಲಂಗರಿನ ಮೇಲೆ ದೋಣಿ ತಾನಾಗಿ ಗಾಳಿಗೆ ಮುಖ ಮಾಡುತ್ತದೆ, ಹಾಯಿ ಸುಮ್ನೆ ಪಟಪಟ ಅನ್ನುತ್ತದೆ, ಎಳೆಯುವುದಿಲ್ಲ. ಸೆಂಟರ್‌ಬೋರ್ಡ್ (ದೋಣಿಯ ತಳದಿಂದ ನೀರಿಗೆ ಇಳಿಬಿಡುವ ಹಲಗೆ) ಪೂರ್ತಿ ಇಳಿಸಿ. ಲಂಗರು ಕೀಳುವಾಗ ಮುಂದಿನ ಚಿಕ್ಕ ಹಾಯಿಯನ್ನು ಎಡಕ್ಕೆ ಎಳೆದು ಹಿಡಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ. ತಿರುಗಿದ ಕೂಡಲೇ ಅದನ್ನು ಬಿಟ್ಟು ಇನ್ನೊಂದು ಬದಿಗೆ ಎಳೆದುಕೊಳ್ಳಿ, ದೊಡ್ಡ ಹಾಯಿಯನ್ನೂ ಬಿಗಿ ಮಾಡಿ. ಇಬ್ಬರಿದ್ದರೆ ಸಲೀಸು. ಲಂಗರಿನ ಹಗ್ಗ ನೀರಿನ ಆಳದ 5 ಪಟ್ಟಾದರೂ ಇರಲಿ. ಮೆತ್ತನೆ ಹೂಳಿನಲ್ಲಿ ಲಂಗರು ಜಾರುತ್ತದೆ, ಅದಕ್ಕೆ ದಡದ ಮರವೊಂದನ್ನು ಗುರುತಿಟ್ಟುಕೊಂಡು ಎರಡು ನಿಮಿಷ ನೋಡಿ. ಬೇಸಿಗೆಯಲ್ಲಿ ನೀರು ಇಳಿದು ಸೆಂಟರ್‌ಬೋರ್ಡ್ ಇಳಿಸುವಷ್ಟು ಆಳ ಇಲ್ಲದಿದ್ದರೆ ದೋಣಿ ಪಕ್ಕಕ್ಕೆ ಜಾರಿ ಮತ್ತೆ ದಡಕ್ಕೇ ಬರುತ್ತದೆ, ಇನ್ನೂ ದೂರ ಹೋಗಬೇಕು. ಆಷಾಢದ ಗಾಳಿಯಲ್ಲಿ ಹುಟ್ಟು ಹಾಕಿದರೂ ದೋಣಿ ಮುಂದೆ ಹೋಗದಿದ್ದರೆ ಅವತ್ತು ದಯವಿಟ್ಟು ನೀರಿಗಿಳಿಯಬೇಡಿ.