ಗಾಣದ ಸವಕಳಿ: ವರ್ಷದ ಲೆಕ್ಕ ಬಿಟ್ಟು ಟನ್ನಿನ ಲೆಕ್ಕ ಹಿಡಿದೆ

ಗಾಣ ಸವೆಯೋದು ವರ್ಷ ಉರುಳಿದ್ದಕ್ಕಲ್ಲ, ಕಬ್ಬು ಅರೆದಿದ್ದಕ್ಕೆ. ಸವಕಳಿ ಅಂತ ಅದರ ಬೆಲೆಯಲ್ಲಿ ಕಳೆಯುವ ಪಾಲನ್ನೂ ಅರೆದ ಟನ್ನಿನ ಮೇಲೇ ಹಾಕಬೇಕು. ಇದನ್ನು ಹೇಳಿದಾಗ ಪಾಂಡವಪುರ ಕಡೆಯ ಆಲೆಮನೆಯವರು ಯಾರೂ ಒಪ್ಪಲಿಲ್ಲ. ‘ಆಡಿಟರ್ ವರ್ಷಕ್ಕೆ ಹಾಕೋ 15 ಪರ್ಸೆಂಟ್ ಸವಕಳಿ ಸಾಕು ಬುಡಿ’ ಅಂದರು. ಈಗ ಅವರಲ್ಲೇ ಇಬ್ಬರು ಮೂವರು ನನ್ನ ಪುಸ್ತಕ ನೋಡಿ ಬರೆದುಕೊಂಡು ಹೋಗಿದ್ದಾರೆ.

ಗಾಣ, ಗೇರ್, ಮೋಟಾರ್ ಸೇರಿ ಸುಮಾರು 9 ಲಕ್ಷ. 2021ರ ದೀಪಾವಳಿ ಕಳೆದ ಮೇಲೆ ಕೂರಿಸಿದ್ದು. ಮಾರ್ಚ್ ಕೊನೆಗೆ 180 ದಿನ ತುಂಬಲಿಲ್ಲವಾಗಿ ತೆರಿಗೆ ಲೆಕ್ಕದಲ್ಲಿ ಮೊದಲ ವರ್ಷ ಅರ್ಧ ದರ, ಏಳೂವರೆ ಪರ್ಸೆಂಟ್. ಮರುವರ್ಷ 2,400 ಟನ್ ಅರೆದೆವು, ಯಾವ ಲೆಕ್ಕ ಹಾಕಿದರೂ ನಡೆಯುತ್ತಿತ್ತು.

ವರ್ಷದ ಲೆಕ್ಕದ ಬಣ್ಣ ಬಯಲಾದದ್ದು 2023ರಲ್ಲಿ. ಮಳೆ ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ, ಕಬ್ಬು ಒಣಗಿತು. ನನ್ನ ಗಾಣ 900 ಟನ್ನಿಗೇ ನಿಂತಿತು. ಸ್ಟ್ರೈಟ್ ಲೈನ್‌ನಲ್ಲಿ, ಅಂದರೆ ವರ್ಷವರ್ಷ ಒಂದೇ ಮೊತ್ತ ಕಳೆಯುವ ಪದ್ಧತಿಯಲ್ಲಿ, ಗುಜರಿ ಬೆಲೆ ಕಳೆದು ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1 ಲಕ್ಷ, ಅಂದರೆ ಟನ್ನಿಗೆ 111 ರೂಪಾಯಿ. ಡಬ್ಲ್ಯುಡಿವಿಯಲ್ಲಿ, ಅಂದರೆ ಕಳೆದು ಉಳಿದ ಬೆಲೆಯ ಮೇಲೆ ಪ್ರತಿವರ್ಷ ಪರ್ಸೆಂಟ್ ಹಾಕಿದರೆ, 118ರ ಹತ್ತಿರ. ಮೊದಮೊದಲ ವರ್ಷಗಳಲ್ಲೇ ಹೆಚ್ಚು ಕಳೆಯುವ ‘ವರ್ಷಗಳ ಅಂಕಿ ಕೂಡಿಸುವ’ ಪದ್ಧತಿಯನ್ನೂ ಒಂದು ಹಾಳೆಯಲ್ಲಿ ಹಾಕಿ ನೋಡಿದೆ. ಮೊದಲ ವರ್ಷವೇ 1.78 ಲಕ್ಷ ನುಂಗಿತು, ಹಾಳೆ ಮಡಚಿಟ್ಟೆ. ಇಂಥ ವರ್ಷದ ಲೆಕ್ಕ ನಂಬಿದವರು ಅರೆಯುವ ಕೂಲಿ ಏರಿಸಿದರು, ಇದ್ದಬದ್ದ ಕಬ್ಬೂ ಅವರ ಕೈತಪ್ಪಿತು.

ನಾನು ಗಾಣವನ್ನು ಎರಡಾಗಿ ಒಡೆದೆ. ಚೌಕಟ್ಟು, ಗೇರ್, ಮೋಟಾರ್ ಒಂದು ಕಡೆ: ಗುಜರಿ ಕಳೆದು 6.6 ಲಕ್ಷ, 22,000 ಟನ್ ಅರೆಯುವ ಆಯಸ್ಸಿಗೆ ಹಂಚಿದರೆ ಟನ್ನಿಗೆ 30. ರೋಲರ್‌ಗಳು ಇನ್ನೊಂದು ಕಡೆ: 1.3 ಲಕ್ಷ, 6,500 ಟನ್ನಿಗೆ, ಟನ್ನಿಗೆ 20. ಒಟ್ಟು 50. ಬರಗಾಲದಲ್ಲೂ 50, ಸುಗ್ಗಿಯಲ್ಲೂ 50. ಆ ವರ್ಷ ಕೂಲಿ ಏರಿಸದೆ ನಿಂತದ್ದು ಈ ಅಂಕಿಯ ಧೈರ್ಯದ ಮೇಲೆ.

ಟನ್ನಿನ ಬದಲು ಮೋಟಾರ್ ಓಡಿದ ಗಂಟೆ ಹಿಡಿದೂ ನೋಡಿದೆ. ಕಬ್ಬಿನ ಗಾಡಿ ತಡವಾದರೆ ಗಾಣ ಬರಿದೇ ತಿರುಗುತ್ತೆ, ಮೀಟರ್ ಓಡುತ್ತೆ, ರೋಲರ್ ಸವೆಯಲ್ಲ. ತಾಳೆಯಾಗಲಿಲ್ಲ.

6,500 ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ರೋಲರ್ ಹಲ್ಲು ಸವೆದರೆ ರಚ್ಚು (ರಸ ತೆಗೆದ ಕಬ್ಬಿನ ಸಿಪ್ಪೆ) ಹಿಂಡಿದಾಗ ಅಂಗೈ ಒದ್ದೆಯಾಗುತ್ತೆ, ಒಣಹಾಕಿದರೂ ಒಲೆಯಲ್ಲಿ ಹೊಗೆ ಕಾರುತ್ತೆ. ಇಷ್ಟು ನಿಮಗೂ ಗೊತ್ತು. ಅದಕ್ಕೂ ಮೊದಲೇ ನಾನು ಹಲ್ಲಿನ ಆಳ ಅಳೆಯುತ್ತೇನೆ, ಆ ಅಳತೆಯಿಂದ ಬಂದ ಅಂಕಿ ಅದು. ಯಾವ ರೋಲರ್, ಯಾವ ಜಾಗ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ರೋಲರ್ ಬಾಬ್ತಿನ ಆ ಟನ್ನಿಗೆ ಇಪ್ಪತ್ತು ರೂಪಾಯಿಯನ್ನು ವಾರವಾರ ಬೇರೆ ಖಾತೆಗೆ ಹಾಕುತ್ತಾ ಬಂದೆ. ಹೋದ ಸಲ ರೋಲರ್ ಬದಲಿಸುವಾಗ 1.3 ಲಕ್ಷದ ಆಸುಪಾಸು ಕೈಯಲ್ಲಿತ್ತು, ಬಡ್ಡಿಗೆ ತರಲಿಲ್ಲ. ಕಂಪನಿ ಕಾಯ್ದೆ 2013ರ ಎರಡನೇ ಷೆಡ್ಯೂಲ್ ಕೂಡ ಯಂತ್ರದ ಆಯಸ್ಸನ್ನು ಉತ್ಪಾದನೆಯಲ್ಲಿ ಅಳೆಯಲು ಒಪ್ಪುತ್ತೆ, ಇದು ನನ್ನ ಕಟ್ಟುಕಥೆಯಲ್ಲ. ಆದರೆ ತೆರಿಗೆಗೆ ಡಬ್ಲ್ಯುಡಿವಿಯೇ ಸಲ್ಲಬೇಕು, ಆ ಪುಸ್ತಕ ಬೇರೆ ಇಡಿ. ಕೊಪ್ಪರಿಗೆಗೂ ಈಗ ಇದೇ ಲೆಕ್ಕ ಶುರುಮಾಡಿದ್ದೇನೆ. ಅಲ್ಲಿ ಟನ್ ಅಲ್ಲ, ಎಷ್ಟು ಪಾಕ ಇಳಿಯಿತು ಅಂತ ಎಣಿಸುವುದು.