ಉದುರಿದ ಅಡಿಕೆಯಲ್ಲಿ ಸಲ್ಫೇಟ್ ಕಟ್ಟಿದೆವು

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸೂತ್ರ ಬರೆಸಿ ನೋಡಿ. ಮಕ್ಕಳು ಓಎಚ್‌ಗೆ ಆವರಣ (ಬ್ರಾಕೆಟ್) ಹಾಕುವುದಿಲ್ಲ, 2 ಅನ್ನು ಎಚ್‌ಗೆ ಮಾತ್ರ ಅಂಟಿಸುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಲ್ಲಿ 40 ಮಕ್ಕಳಲ್ಲಿ ಎಂಟೋ ಒಂಬತ್ತೋ ಜನ ಸರಿ ಬರೆಯುತ್ತಿದ್ದರು. ಈ ಸಲ 30 ದಾಟಿತು.

ಪರಮಾಣುಗಳ ಮಾದರಿ ಮಾಡಿ ತೋರಿಸೋಣ ಅಂತ ಮೊದಲು ಶಿವಮೊಗ್ಗದಿಂದ ಥರ್ಮಾಕೋಲ್ ಉಂಡೆ ತಂದೆ. ಹತ್ತಿರ ಹತ್ತಿರ 600 ರೂಪಾಯಿ. ಸ್ಪ್ರೇ ಪೇಂಟ್ ಹೊಡೆದರೆ ಕರಗಿ ಕುಳಿ ಬಿತ್ತು. ಜೇಡಿಮಣ್ಣಿನ ಉಂಡೆ ಜುಲೈ ಮಳೆಯಲ್ಲಿ ಒಣಗಲೇ ಇಲ್ಲ. ಒಣಗಿದ ಗೋಟಡಿಕೆಗೆ ತೂತು ಕೊರೆಯಲು ಹೋಗಿ ಎರಡು ಡ್ರಿಲ್ ಬಿಟ್ ಮುರಿದವು, ಇನ್ನೂ ನೂರೈವತ್ತು ಹೋಯಿತು. "ಅಡಿಕೆಯಲ್ಲಿ ಕೆಮಿಸ್ಟ್ರಿ ಕಲಿಸೋಕಾಗುತ್ತಾ ಮೇಷ್ಟ್ರೇ, ಸುಮ್ನೆ ಚಾರ್ಟ್ ತೋರಿಸಿ" ಅಂದರು ಸ್ಟಾಫ್ ರೂಮಲ್ಲಿ.

ಆಗ ಕಣ್ಣಿಗೆ ಬಿದ್ದದ್ದು ಕೊಳೆರೋಗಕ್ಕೆ ಉದುರಿದ ಹಸಿ ಅಡಿಕೆ. ಪುಕ್ಕಟೆ, ಮೆತ್ತಗೆ. ಪೊರಕೆ ಕಡ್ಡಿ ಸಲೀಸಾಗಿ ಇಳಿಯುತ್ತದೆ. ಸಲ್ಫೇಟ್ ಕಟ್ಟಲು ನಡುವೆ ದಪ್ಪದ್ದು ಗಂಧಕ, ಸುತ್ತ ನಾಲ್ಕು ಆಕ್ಸಿಜನ್. ಕಡ್ಡಿ ಅಂದರೆ ಸಹವೇಲೆನ್ಸೀಯ ಬಂಧ, ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಬಂಧ. ತಾಮ್ರದ ಸಲ್ಫೇಟ್ ಮಾಡಲು ತಾಮ್ರಕ್ಕೆ ಒಂದು ಕಲ್ಲು, ಅದಕ್ಕೆ ಕಡ್ಡಿ ಇಲ್ಲ, ಪಕ್ಕದಲ್ಲಿ ಇಟ್ಟರಾಯಿತು. ಸಲ್ಫೇಟ್‌ನ ವಿದ್ಯುದಂಶ ಋಣ ಎರಡು ಅನ್ನುವ ಚೀಟಿಯನ್ನು ಯಾವುದೋ ಒಂದು ಅಡಿಕೆಗೆ ಅಂಟಿಸಬೇಡಿ. ಇಡೀ ಗುಂಪಿಗೆ ದಾರ ಸುತ್ತಿ, ದಾರಕ್ಕೆ ಕಟ್ಟಿ. ಸೂತ್ರದಲ್ಲಿ ಹಾಕುವ ಆವರಣ ಈ ದಾರವೇ ಅಂತ ಹೇಳಿದ ದಿನವೇ ಕ್ಲಾಸಿಗೆ ಹತ್ತಿತು. ನಾಲ್ಕು ಕಡ್ಡಿಯನ್ನೂ ಸರಿಯಾದ ಕೋನಕ್ಕೆ ಕೂರಿಸಲು ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಆಮೇಲೆ ಬೋರ್ಡೋ, ಕೊಳೆರೋಗಕ್ಕೆ ಹೊಡೆಯುವ ದ್ರಾವಣ. ಎಲ್ಲರ ಮನೆಯಲ್ಲೂ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್) 1 ಕೆಜಿ. ಕ್ಲಾಸಿಗೆ ಹತ್ತತ್ತು ಗ್ರಾಂ, ಒಂದು ಲೀಟರ್. ಬೆರೆಸುತ್ತಾ ಮೇಜಿನ ಮೇಲೆ ಅಡಿಕೆ ಸರಿಸಿದೆವು. ಸಲ್ಫೇಟ್ ಇಡಿಯಾಗಿ ಕ್ಯಾಲ್ಸಿಯಂ ಕಡೆ ಹೋಯಿತು, ಹೈಡ್ರಾಕ್ಸೈಡ್ ತಾಮ್ರದ ಕಡೆ ಬಂತು. ಒಂದು ಕಡ್ಡಿಯನ್ನೂ ಕೀಳಬೇಕಾಗಲಿಲ್ಲ. ಕತ್ತಿ ಅದ್ದಿದಾಗ ಕೆಂಪಾದರೆ ಸುಣ್ಣ ಸಾಲದು ಅಂತ ಗೊತ್ತಲ್ವಾ? ಬೇಕೆಂದೇ ಸುಣ್ಣ ಕಮ್ಮಿ ಮಾಡಿ ಅದನ್ನೂ ತೋರಿಸಿದೆ. ತಾಮ್ರ ಕತ್ತಿಗೆ ಹತ್ತಿತು, ಕಬ್ಬಿಣ ನೀರಿಗಿಳಿಯಿತು, ಸಲ್ಫೇಟ್ ಮಾತ್ರ ಹಾಗೇ ಉಳಿಯಿತು.

ಒಬ್ಬಳು ಕೇಳಿದಳು, "ಸಾರ್, ಯೂರಿಯಾಗೆ ದಾರ ಎಲ್ಲಿ ಕಟ್ಟೋದು?" ಪಾಠ ಬಿಟ್ಟು ಅದನ್ನೇ ಹಿಡಿದೆವು. ಎಂಟು ಅಡಿಕೆ, ಎಲ್ಲಕ್ಕೂ ಕಡ್ಡಿ. ಕಾರ್ಬನ್ನಿಗೂ ಆಕ್ಸಿಜನ್ನಿಗೂ ನಡುವೆ ಎರಡು ಕಡ್ಡಿ. ಅಯಾನು, ಅಂದರೆ ವಿದ್ಯುದಂಶ ಇರುವ ಗುಂಪು, ಇಲ್ಲ; ದಾರ ಬೇಡ. ಅಮೋನಿಯಂ ಸಲ್ಫೇಟ್‌ಗೆ 15 ಅಡಿಕೆ, ಮೂರು ದಾರ ಬೇಕಾಯಿತು. ಅದನ್ನು ನಾನು ಹೇಳಿಕೊಡದೆ ಅವಳೇ ಕಟ್ಟಿದಳು.